ಅಕ್ಕನ ಕೋಟಿನ ಸರದಿ

ಸೂಜಿಗೆ ಎರಡು ಕಣ್ಣಿದ್ದ ಕಾಲದಲ್ಲಿ, ನದಿ ದಡದ ಒಂದು ಊರಿನಲ್ಲಿ, ಒಬ್ಬಳು ಅಕ್ಕ, ಒಬ್ಬಳು ತಂಗಿ ಇದ್ದರು. ತೀರಾ ಹಿಂದಿನ ಮಾತೇನಲ್ಲ. ಹೋದ ಚಳಿಗಾಲಕ್ಕೂ ಈ ಚಳಿಗಾಲಕ್ಕೂ ನಡುವೆ ನಡೆದದ್ದು. ಆದರೆ ಕಥೆಯೆಂದಮೇಲೆ ಒಂದಿಷ್ಟು ದೂರ ಬೇಕಲ್ಲ, ಅದಕ್ಕೇ ಸೂಜಿಗೆ ಇನ್ನೊಂದು ಕಣ್ಣು ಕೊಟ್ಟದ್ದು.

ಅಕ್ಕ ದೋಣಿಕಟ್ಟೆಯ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದಳು. ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಕೆಳಗೆ ಹೊಲಿಗೆಯಂಗಡಿ, ಮೇಲೆ ಮನೆ. ಅಮ್ಮ ಹೋದಮೇಲೆ ಒಬ್ಬರಿಗೊಬ್ಬರು ಎನ್ನುವುದು ಬಿಟ್ಟರೆ ಇಬ್ಬರಿಗೂ ಬೇರೆ ದಿಕ್ಕಿರಲಿಲ್ಲ, ಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ತಂಗಿಗೆ ಊರಿನವರು ಇಟ್ಟ ಹೆಸರು 'ಕಣ್ಣಳತೆ'. ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವರ ಭುಜ, ಸೊಂಟ, ತೋಳು ಎಲ್ಲ ಅವಳ ಕಣ್ಣೊಳಗೆ ಇಳಿದುಬಿಡುತ್ತಿದ್ದವು. ಆಮೇಲೆ ಟೇಪು ಹಿಡಿಯುತ್ತಿದ್ದದ್ದು ಬರೀ ಗಿರಾಕಿಯ ಸಮಾಧಾನಕ್ಕೆ. ಮನೆಯವರಿಗಂತೂ ಆ ಮನೆಯಲ್ಲಿ ಯಾರೂ ಟೇಪು ಹಿಡಿದವರೇ ಅಲ್ಲ. ಅಜ್ಜಿಯೂ ಹೊಲಿಯುತ್ತಿದ್ದಳು, ಅಮ್ಮನೂ ಹೊಲಿಯುತ್ತಿದ್ದಳು, ಇಬ್ಬರದೂ ಒಂದೇ ಮಾತು: "ಟೇಪು ಹೊರಗಿನೋರಿಗೆ. ನಮ್ಮೋರ ಮೈ ನಮಗೇ ಗೊತ್ತಿಲ್ಲ ಅಂದ್ರೆ ಹೇಗೆ?"

ಹೋದ ಚಳಿಗಾಲದಲ್ಲಿ ಅಕ್ಕ ಒಂದು ಉಣ್ಣೆ ಬಟ್ಟೆ ತಂದು ಅಂಗಡಿಯ ಮೇಜಿನ ಮೇಲೆ ಹರಡಿದಳು. ಮೋಡ ಮುಸುಕಿದ ದಿನದ ನದಿಯ ಬಣ್ಣ.

"ಆ ಕಿಟಕಿ ಗಾಳಿ ಸೀದಾ ಮೂಳೆ ಒಳಗೆ ಹೋಗಿ ಕೂರುತ್ತೆ ಕಣೇ. ನಂಗೊಂದು ಕೋಟು ಹೊಲಿದುಕೊಡು."

"ಕೊಡ್ತೀನಿ, ಅದಕ್ಕೇನು? ನನ್ನ ಮಾತು ಅಂತ ಇಟ್ಕೋ," ಎಂದಿದ್ದಳು ತಂಗಿ.

ಅದೇ ವಾರ ಅಕ್ಕನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಆಮೇಲೆ ಆಸ್ಪತ್ರೆ, ಆಪರೇಷನ್ನು, ಔಷಧಿಯ ಉದ್ದುದ್ದ ತಿಂಗಳುಗಳು. ಡಾಕ್ಟರು ಎಡ ಎದೆಯನ್ನು ತೆಗೆದು ಅಕ್ಕನನ್ನು ಉಳಿಸಿಕೊಟ್ಟರು. ಈಗ ಹೆದರಬೇಕಾದ್ದಿಲ್ಲ, ಕೆಲಸಕ್ಕೂ ಹೋಗಬಹುದು ಎಂದಿದ್ದರು. ಬರುವ ಸೋಮವಾರದಿಂದ ಅಕ್ಕ ಮತ್ತೆ ದೋಣಿಕಟ್ಟೆಯ ಕಿಟಕಿಯಲ್ಲಿ ಕೂರಬೇಕು. ಉಣ್ಣೆ ಬಟ್ಟೆ ಮಾತ್ರ ಮಡಿಸಿದ ಮಡಿಕೆಯಲ್ಲೇ ಅಂಗಡಿಯ ಮೇಲಿನ ಹಲಗೆಯ ಮೇಲಿತ್ತು. ಅಕ್ಕ ಕೇಳಿದಾಗಲೆಲ್ಲ ತಂಗಿಯ ಬಾಯಲ್ಲಿ ಒಂದೇ ಉತ್ತರ ಸಿದ್ಧವಿತ್ತು: "ಪುರುಸೊತ್ತೇ ಆಗಿಲ್ಲ ನೋಡು."

ವಾರಕ್ಕೆರಡು ಸಂಜೆ ತಂಗಿ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದಳು. ಗಿರಾಕಿಗಳು ಫೋನಿನಲ್ಲಿ ತೋರಿಸುವ ಉಡುಪುಗಳ ಕೆಳಗೆಲ್ಲ ಇಂಗ್ಲಿಷಿನಲ್ಲೇ ಬರೆದಿರುತ್ತದೆ, ಪ್ರತಿಸಲವೂ ಗಿರಾಕಿಯಿಂದಲೇ ಓದಿಸಿಕೊಳ್ಳುವುದು ನಾಚಿಕೆ. ಕ್ಲಾಸು ನಡೆಯುವುದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಒಗೆಯುವ ಮಷೀನು ಜೋರಾಗಿ ತಿರುಗಿದಾಗ ಮೇಲೆ ಬೆಂಚುಗಳು ಸಣ್ಣಗೆ ನಡುಗುತ್ತಿದ್ದವು, ಸೋಪಿನ ಬಿಸಿ ವಾಸನೆ ಏಳುತ್ತಿತ್ತು.

ಪಾಠ ಹೇಳುವವರಿಗೆ 'ಸಾಕ್ಷಿ ಟೀಚರ್' ಎಂದು ಹೆಸರು ಬಿದ್ದಿತ್ತು. ಕಾರಣ ಅವರ ಒಂದು ಹಟ. ಅವರ ಬೋರ್ಡಿನ ಮೇಲೆ ಸುಳ್ಳು ವಾಕ್ಯ ಬರೆಯುವ ಹಾಗಿಲ್ಲ. ಪುಸ್ತಕದ ಉದಾಹರಣೆಯೂ ಬೇಡ, ಪಕ್ಕದ ಮನೆಯವರ ಸಂಗತಿಯೂ ಬೇಡ. ಸ್ವಂತದ್ದು ಬೇಕು, ನಿಜ ಬೇಕು. ವಾಕ್ಯ ಹೇಳಿದವರನ್ನು ಉಳಿದವರು ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ನಿಜವಲ್ಲವೆಂದು ಗೊತ್ತಾದರೆ ಹೇಳಿದವರೇ ಎದ್ದುಹೋಗಿ ಒರೆಸಬೇಕು. "ಸುಳ್ಳು ಹೇಳಿ ಕಲಿತ ಭಾಷೆ ಬಾಯಲ್ಲಿ ನಿಲ್ಲಲ್ಲ," ಎನ್ನುತ್ತಿದ್ದರು ಟೀಚರ್.

ಕ್ರಿಯಾಪದದ ಬಾಲಕ್ಕೆ ಒಂದು ಚಿಲ್ಲರೆ ಪದ ಕಟ್ಟಿ ಅರ್ಥವನ್ನೇ ಮನೆ ಬದಲಾಯಿಸಿಬಿಡುವ ಇಂಗ್ಲಿಷಿನವರ ಚಾಳಿ ಉಳಿದವರಿಗೆ ತಲೆನೋವಾದರೆ ತಂಗಿಗೆ ಆಟವಾಗಿತ್ತು. 'ಟೇಕ್ ಇನ್' ಅಂದರೆ ಸೈಡು ಹಿಡಿದು ಬಿಗಿ ಮಾಡುವುದು, 'ಲೆಟ್ ಔಟ್' ಅಂದರೆ ಹೊಲಿಗೆ ಬಿಚ್ಚಿ ಸಡಿಲ ಬಿಡುವುದು. ಇದೆಲ್ಲ ಅವಳ ಮೇಜಿನ ಮೇಲೆ ದಿನಾ ನಡೆಯುವ ಸಂಗತಿಯೇ.

ಆ ಮಂಗಳವಾರ ಟೀಚರ್ ಬೋರ್ಡಿನ ಮೇಲೆ ಬರೆದದ್ದು 'ಗೆಟ್ ರೌಂಡ್ ಟು'.

"ಕೆಲಸಗಳೆಲ್ಲ ಒಂದು ಸುತ್ತು ಕೂತಿವೆ ಅಂತ ಇಟ್ಕೊಳ್ಳಿ," ಎಂದು ಶುರು ಮಾಡಿದರು. "ನೀವು ಒಂದೊಂದನ್ನೇ ಮಾತಾಡಿಸ್ಕೊಂಡು ಬರ್ತಿದ್ದೀರಿ. ಒಂದು ಕೆಲಸ ಆ ತುದೀಲಿ ಕೂತಿದೆ. ಅದನ್ನ ನೀವು ಮರೆತಿಲ್ಲ. ಮಾಡಲ್ಲ ಅಂತಲೂ ಹೇಳಿಲ್ಲ. ಅದರ ಸರದಿ ಬಂದಿಲ್ಲ, ಅಷ್ಟೆ. ಕೊನೆಗೆ ಸುತ್ತಿ ಬಂದು ಅದರ ಮುಂದೆ ನಿಂತ್ರಿ, ಮಾಡಿದ್ರಿ. ಆಗ ಈ ಮಾತು. ಜನ ಇದನ್ನ ಹೆಚ್ಚಾಗಿ ಆಡೋದು 'ಇನ್ನೂ ಇಲ್ಲ' ಅನ್ನೋದಕ್ಕೆ, ಇಲ್ಲಾಂದ್ರೆ 'ಅಂತೂ ಇಂತೂ' ಅನ್ನೋದಕ್ಕೆ."

"ನಮ್ಮ 'ಪುರುಸೊತ್ತಾಗಲಿಲ್ಲ' ಇದ್ದಹಾಗೆ," ಎಂದ ಬಸ್ ಡ್ರೈವರು.

"ಅದೇ ಜಾತಿದು. ಹೇಳಿ ನಿಮ್ಮದೊಂದು."

ಡ್ರೈವರು ಎದ್ದು ನಿಂತು, ಬಸ್ಸನ್ನು ಹಿಂದಕ್ಕೆ ತೆಗೆಯುವವನ ಎಚ್ಚರಿಕೆಯಲ್ಲಿ, ಬಚ್ಚಲಮನೆಯ ನಲ್ಲಿ ರಿಪೇರಿ ಮಾಡಲು ತಾನಿನ್ನೂ ಗೆಟ್ ರೌಂಡ್ ಟು ಆಗಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ.

"ಸಾಕ್ಷಿ?" ಎಂದರು ಟೀಚರ್.

"ನಮ್ಮನೆಯವಳನ್ನ ಕರೆಸ್ಲಾ? ಬಂದ್ರೆ ಆ ನಲ್ಲಿ ಒಂದೇ ಅಲ್ಲ, ಮದುವೆ ಆದಾಗಿಂದ ಉಳಿದಿರೋದಕ್ಕೆಲ್ಲ ಸಾಕ್ಷಿ ಹೇಳ್ತಾಳೆ. ನಿಮ್ಮ ಬೋರ್ಡು ಸಾಲಲ್ಲ."

ಕ್ಲಾಸು ನಕ್ಕಿತು. ವಾಕ್ಯ ಬೋರ್ಡಿಗೇರಿತು. ನಗು ಇಳಿಯುವ ಮೊದಲೇ ತಂಗಿ ಎದ್ದಳು. ಎಷ್ಟೋ ದಿನದಿಂದ ನಾಲಿಗೆಯ ಮೇಲೇ ಇದ್ದ ಮಾತು, ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಕಷ್ಟವೇನು? ಅಕ್ಕನ ಕೋಟು ಹೊಲಿಯಲು ತಾನಿನ್ನೂ ಗೆಟ್ ರೌಂಡ್ ಟು ಆಗಿಲ್ಲ ಎಂದಳು. ತಪ್ಪಿಲ್ಲದೆ ಬಂತು. ಬೋರ್ಡಿನ ಮೇಲೆ ತಾನೇ ಬರೆದಳು ಕೂಡ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿ ಕೈ ಎತ್ತಿದಳು. "ಆಂಟಿ, ಬಟ್ಟೆ ಯಾವಾಗ ಬಂದಿದ್ದು?"

"ಹೋದ ಚಳಿಗಾಲದಲ್ಲಿ."

"ಆಮೇಲೆ ನೀವು ಬೇರೆ ಕೋಟೇ ಹೊಲಿದಿಲ್ವಾ?"

ತಂಗಿಯ ಕಣ್ಣು ಹುಡುಗಿಯ ಮೈಮೇಲಿನ ಕೋಟಿಗೆ ಹೋಯಿತು. ಉತ್ತರ ಬೇಕಿರಲಿಲ್ಲ. ಆ ಹುಡುಗಿ ತೊಟ್ಟಿದ್ದ ಕಂದು ಕೋಟು ತಂಗಿಯೇ ಹೊಲಿದದ್ದು.

"ನಂದು ಎಂಟೇ ದಿನಕ್ಕೆ ಕೊಟ್ರಲ್ಲ," ಎಂದಳು ಹುಡುಗಿ. ಚುಚ್ಚಬೇಕೆಂದು ಹೇಳಿದ್ದಲ್ಲ, ಲೆಕ್ಕ ಹೊಂದಲಿಲ್ಲವೆಂದು ಹೇಳಿದ್ದು. "ಹಾಗಾದ್ರೆ ಸರದಿ ಬಂದೇ ಇತ್ತಲ್ವಾ ಟೀಚರ್?"

"ದೀಪದ ಬುಡದಲ್ಲೇ ಕತ್ತಲು ಬಿಡಮ್ಮ," ಎಂದು ಡ್ರೈವರು ತಂಗಿಯ ಪರವಾಗಿ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

ಟೀಚರ್ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. "ಸರದಿ ಬರದೆ ಉಳಿದ ಕೆಲಸ ಬೇರೆ," ಎಂದರು ಮೆಲ್ಲಗೆ. "ಸರದಿ ಬಂದಾಗಲೆಲ್ಲ ನಾವೇ ಆಚೆ ತಳ್ಳಿದ ಕೆಲಸ ಬೇರೆ. ಅದಕ್ಕೆ ಇನ್ನೊಂದು ಮಾತಿದೆ, 'ಪುಟ್ ಆಫ್'. ಎರಡರಲ್ಲೂ ಕೆಲಸ ಆಗಿಲ್ಲ, ಹೊರಗಿಂದ ನೋಡೋರಿಗೆ ಎರಡೂ ಒಂದೇ. ಒಳಗಿಂದ ನೋಡೋರಿಗೆ ಒಂದಲ್ಲ. ನಿಮ್ಮದು ಯಾವುದು ಅಂತ ನಾನು ಹೇಳೋಕಾಗಲ್ಲ, ನೀವೇ ಹೇಳಬೇಕು."

ತಂಗಿ ಡಸ್ಟರ್ ತೆಗೆದುಕೊಂಡು ತನ್ನ ವಾಕ್ಯವನ್ನು ಒರೆಸಿದಳು. ಅದರ ಜಾಗದಲ್ಲಿ ಇನ್ನೊಂದನ್ನು ಬರೆಯಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಆ ಹುಡುಗಿಯ ಮೇಲೆ ಸಿಟ್ಟು. ನಿನ್ನೆ ಮೊನ್ನೆ ಹುಟ್ಟಿದ ಪಿಳ್ಳೆ, ನನ್ನನ್ನೇ ಕೇಳುತ್ತಾಳೆ! ಮನೆ ಮುಟ್ಟಿದಾಗ ಸಿಟ್ಟು ತಣ್ಣಗಾಗಿ ಹಟ ಉಳಿದಿತ್ತು. ಮುಗಿಸಿಯೇ ಬಿಡುತ್ತೇನೆ, ಆಗ ಯಾರ ಬಾಯಿ ಏಳುತ್ತದೆ ನೋಡೋಣ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಉಣ್ಣೆ ಬಟ್ಟೆ ಕೆಳಗಿಳಿಯಿತು. ಆದರೆ ಅವಳು ಅದಕ್ಕೆ ಕತ್ತರಿ ಹಾಕಲಿಲ್ಲ. ಮೊದಲು ಒಂದು ಹಳೆಯ ಹೊದಿಕೆಯಲ್ಲಿ ಕಚ್ಚಾ ಕೋಟು ಮಾಡಿ ತೊಡಿಸಿ ನೋಡೋಣವೆಂದುಕೊಂಡಳು. ಅಳತೆ? ಅಳತೆ ಕಣ್ಣಲ್ಲೇ ಇತ್ತಲ್ಲ. ಮುಂಚಿನ ಅಕ್ಕನ ಅಳತೆ. ತುಂಬಿದ ಭುಜ, ಒಂದು ಕೈ ಸೊಂಟದ ಮೇಲಿಟ್ಟು ನಿಲ್ಲುವ ರೀತಿ, ನಕ್ಕರೆ ಮೇಲೆಕೆಳಗೆ ಕುಣಿಯುವ ಎದೆ. ಕಣ್ಣು ಮುಚ್ಚಿಕೊಂಡೇ ಕತ್ತರಿಸಬಲ್ಲಳು. ಒಂದು ಲೆಕ್ಕದಲ್ಲಿ ಅವಳು ಮಾಡಿದ್ದೂ ಅದನ್ನೇ.

ಮಧ್ಯಾಹ್ನ ಅಕ್ಕನನ್ನು ಕೆಳಗೆ ಕರೆದು ತೊಡಿಸಿದಳು. ಬಲಗಡೆ ಸರಿಯಾಗಿಯೇ ಕೂತಿತು. ಎಡಗಡೆ ಮಾತ್ರ ಗಾಳಿಯಿಲ್ಲದ ಹಾಯಿಯ ಹಾಗೆ ಜೋತುಬಿತ್ತು, ಕಂಕುಳಿನ ಕಡೆಗೆ ಅಡ್ಡಸುಕ್ಕು ಎದ್ದಿತು. ತಂಗಿ ಆ ಸುಕ್ಕನ್ನು ಎರಡು ಬೆರಳಲ್ಲಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕಣ್ಣು ಬಟ್ಟೆಯ ಮೇಲೆಯೇ ಇತ್ತು.

"ಏನಿಲ್ಲ, ಏನಿಲ್ಲ," ಎಂದಳು ಅವಸರದಲ್ಲಿ. "ಇಲ್ಲಿ ಒಳಗೆ ಸ್ವಲ್ಪ ಹತ್ತಿ ಇಟ್ಟು ಹೊಲಿದುಬಿಡ್ತೀನಿ. ಮೊದಲಿನ ಹಾಗೇ ಕಾಣುತ್ತೆ. ಗೊತ್ತೇ ಆಗಲ್ಲ."

"ಯಾರಿಗೆ ಗೊತ್ತಾಗಲ್ಲ?" ಎಂದಳು ಅಕ್ಕ.

"ಯಾರಿಗೂ."

"ನಾನು ಬೇಕು ಅಂದ್ನಾ ಹತ್ತೀನ?"

"ಅಲ್ಲ, ಕೋಟು ನೆಟ್ಟಗೆ ಕೂರಬೇಕಲ್ಲ ಅಕ್ಕ."

ಅಕ್ಕ ಕನ್ನಡಿಯಲ್ಲಿ ತನ್ನನ್ನಲ್ಲ, ಹಿಂದೆ ನಿಂತ ತಂಗಿಯನ್ನು ನೋಡುತ್ತಿದ್ದಳು. "ಬೇರೆ ಯಾರಾದ್ರೂ ಇಡು ಅಂದ್ರೆ ಇಟ್ಕೊಳ್ತಿದ್ನೋ ಏನೋ. ನೀನು ಒಂದು ಮಾತು ಕೇಳ್ದೆ ಇಟ್ಟುಬಿಡ್ತೀನಿ ಅಂತೀಯಲ್ಲ. ನೀನು ನಂಗೆ ಕೋಟು ಹೊಲೀತಿದ್ದೀಯೋ, ಕೋಟಿಗೆ ನನ್ನ ಹೊಲೀತಿದ್ದೀಯೋ?"

ತಂಗಿಯ ಬೆರಳು ಸುಕ್ಕನ್ನು ಬಿಟ್ಟಿತು.

"ಆಸ್ಪತ್ರೆಯಿಂದ ಬಂದಾಗಿಂದ ನೋಡ್ತಾ ಇದ್ದೀನಿ ಕಣೇ. ನೀನು ನನ್ನ ಮುಖ ನೋಡ್ತೀಯ, ಕಾಲು ನೋಡ್ತೀಯ. ಮಧ್ಯದಲ್ಲಿ ನಾನಿಲ್ಲ. ಊರೋರ ಮೈಯೆಲ್ಲ ಓದೋ ಕಣ್ಣು ನಿಂದು." ಅಕ್ಕ ಕಚ್ಚಾ ಕೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ, ಮಡಿಸಿಯೇ ಇಟ್ಟಳು. "ಬಿಡು. ಶನಿವಾರ ಪೇಟೆಗೆ ಹೋಗಿ ರೆಡಿಮೇಡ್ ತಗೋತೀನಿ. ಅವರು ನನ್ನ ನೋಡದೇ ಹೊಲಿದಿರ್ತಾರೆ, ಆದ್ರೆ ಅವರಿಗೆ ನಾನು ಯಾರೂ ಅಲ್ಲ. ನಿಂಗೆ ಹಾಗಲ್ಲವಲ್ಲ."

ಮೆಟ್ಟಿಲ ಮೇಲೆ ಅವಳ ಹೆಜ್ಜೆ ನಿಧಾನವಾಗಿ ಮೇಲಕ್ಕೆ ಹೋಯಿತು.

ದರ್ಜಿಗೆ ರೆಡಿಮೇಡ್ ಎನ್ನುವುದು ಬೈಗುಳ. ಬೇರೆ ಯಾರು ಅಂದಿದ್ದರೂ ತಂಗಿ ಎರಡು ಮಾತು ಹೆಚ್ಚೇ ಆಡುತ್ತಿದ್ದಳು. ಅಕ್ಕನ ಬಾಯಲ್ಲಿ ಅದು ಬೈಗುಳವಾಗಿ ಬರಲಿಲ್ಲ, ಬಾಗಿಲು ಮುಚ್ಚಿದ ಸದ್ದಿನ ಹಾಗೆ ಬಂತು. ಅಕ್ಕ ಒಮ್ಮೆ ಆ ಕೋಟು ಕೊಂಡು ತಂದರೆ ದಿನಾ ಬೆಳಿಗ್ಗೆ ಅದನ್ನೇ ತೊಟ್ಟು ಈ ಅಂಗಡಿಯ ಮುಂದೆಯೇ ಹಾದುಹೋಗುತ್ತಾಳೆ. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಣ್ಣುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ ಕೂಡ. ಆದರೆ ಅಕ್ಕ ಇನ್ನೆಂದೂ ತನ್ನನ್ನು ಏನನ್ನೂ ಕೇಳುವುದಿಲ್ಲ.

ಗುರುವಾರವಿಡೀ ತಂಗಿ ಯಾರದೋ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಳು. ಸೂಜಿ ತನ್ನಷ್ಟಕ್ಕೆ ಓಡುತ್ತಿತ್ತು, ಮನಸ್ಸು ಲಾಂಡ್ರಿಯ ಮೇಲಿನ ಕೋಣೆಯಲ್ಲಿತ್ತು. ಆ ಮೊದಲನೆಯ ಮಾತು, 'ಗೆಟ್ ರೌಂಡ್ ಟು', ಎಷ್ಟು ಕರುಣೆಯುಳ್ಳದ್ದು! ಅದರಲ್ಲಿ ಯಾರದೂ ತಪ್ಪಿಲ್ಲ. ಮನುಷ್ಯನಿಗೆ ಕೈ ಎರಡೇ, ಕೆಲಸ ನೂರು, ಸುತ್ತಿ ಬರುವಷ್ಟರಲ್ಲಿ ಹೊತ್ತಾಯಿತು, ಪಾಪ. ಅದರ ನೆರಳಲ್ಲಿ ತಾನು ಎಷ್ಟು ತಿಂಗಳು ಹಾಯಾಗಿ ಕೂತಿದ್ದಳು. ಎರಡನೆಯದು, 'ಪುಟ್ ಆಫ್', ಹಾಗಲ್ಲ. ಅದರೊಳಗೆ ಒಂದು ಕೈ ಇದೆ, ತಳ್ಳುವ ಕೈ. ಸರಿ, ಕೈ ತನ್ನದೇ. ತಳ್ಳಿದ್ದು ಏನನ್ನು? ಬಟ್ಟೆಯನ್ನು ಎಂದುಕೊಂಡಿದ್ದಳು. ಬಟ್ಟೆ ತಾನಾಗಿ ಒಂದು ಕಡೆ ನಿಂತಿರುತ್ತದೆಯೇ? ಅದರ ಹಿಂದೆ ಅಕ್ಕ ನಿಂತಿದ್ದಳು.

ಆಸ್ಪತ್ರೆಯಲ್ಲಿ ನರ್ಸು ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಸರಿಯಾಗಿ ತನಗೆ ಬಿಸಿನೀರು ತರುವ ನೆನಪಾಗುತ್ತಿದ್ದದ್ದು ಈಗ ನೆನಪಾಯಿತು. ಮನೆಗೆ ಬಂದಮೇಲೆ ಅಕ್ಕ ಸ್ನಾನ ಮುಗಿಸಿ "ಬೆನ್ನು ಒರೆಸೇ" ಎಂದಾಗ ಟವೆಲನ್ನು ಬಾಗಿಲ ಸಂದಿಯಿಂದ ಚಾಚಿದ್ದು. ಅಸಹ್ಯವೇ? ಛೆ, ಅಲ್ಲ. ತನ್ನ ಕಣ್ಣಿಗೆ ಒಂದು ಸಲ ಬಿದ್ದದ್ದು ಅಳತೆಯಾಗಿ ಉಳಿದುಬಿಡುತ್ತದೆ, ಅಳಿಸಿಹೋಗುವುದಿಲ್ಲ. ಹೊಸ ಅಕ್ಕನನ್ನು ನೋಡಿದರೆ ಹಳೆಯ ಅಕ್ಕ ಕಣ್ಣಿನಿಂದ ಹೊರಟುಹೋಗುತ್ತಾಳೆ ಎಂಬ ಭಯ. ಕಣ್ಣೊಳಗಿನ ಅಕ್ಕನನ್ನು ಕಾಪಾಡಲು ಹೋಗಿ ಕಣ್ಣ ಮುಂದಿನವಳನ್ನು ಬಿಟ್ಟುಕೊಟ್ಟಿದ್ದಳು.

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಎಳೆದು ತಂಗಿ ಮೇಲೆ ಹೋದಳು. ಅಕ್ಕ ಕಿಟಕಿಯ ಬಳಿ ಕೂತು, ಸೋಮವಾರಕ್ಕೆಂದು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ತಂಗಿಯ ಕುತ್ತಿಗೆಯಲ್ಲಿ ನೇತಾಡುವ ಟೇಪನ್ನು ನೋಡಿ ಅವಳ ಕೈಯಲ್ಲಿದ್ದ ಬ್ರಷ್ ನಿಂತಿತು.

"ಇದೇನೇ, ನಂಗೆ ಟೇಪಾ? ನಾನು ಯಾವಾಗಿಂದ ಹೊರಗಿನೋಳಾದೆ?"

"ನಾನೇ ನಿನ್ನನ್ನ ಹೊರಗೆ ನಿಲ್ಲಿಸಿದ್ದೆ ಅಕ್ಕ. ಕಣ್ಣಳತೆ ಆಗ್ಲಿಲ್ಲ ನನ್ನ ಕೈಲಿ. ಹೆದರಿಕೆ ಆಯ್ತು." ತಂಗಿ ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಯಲ್ಲಿ ಹಿಡಿದಳು. "ಪುರುಸೊತ್ತಿತ್ತು. ಬೇಕಾದಷ್ಟಿತ್ತು. ನಾನೇ ಮುಂದೆ ತಳ್ಳಿದ್ದು."

ಅಕ್ಕ ಬೂಟನ್ನು ಪಕ್ಕಕ್ಕಿಟ್ಟಳು. ಬೆರಳಿನ ಪಾಲಿಶನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿಕೊಂಡಳು. "ಹೆದರಿಕೆ ನಂಗೂ ಆಗಿತ್ತು ಕಣೇ. ಕನ್ನಡಿ ಮುಂದೆ ನಿಲ್ಲೋಕೆ ನಾನೇ ಎಷ್ಟು ದಿನ ತಗೊಂಡೆ ಗೊತ್ತಾ?" ಎಂದಳು. ಆಮೇಲೆ, "ಅಜ್ಜಿ ಇದ್ದಿದ್ರೆ ಆ ಟೇಪಲ್ಲೇ ಬಾರಿಸ್ತಿದ್ಲು ನಿಂಗೆ."

"ಬಾರಿಸ್ಲಿ. ಶಾಲು ತೆಗಿ."

"ನೋಡ್ತೀಯಾ?"

"ನೋಡ್ತೀನಿ."

ಅಕ್ಕ ಎದ್ದು ನಿಂತು ಶಾಲು ತೆಗೆದಳು, ಮೇಲಂಗಿಯ ಗುಂಡಿಗಳನ್ನೂ ಬಿಚ್ಚಿದಳು. ತಂಗಿ ನೋಡಿದಳು. ಎಡಗಡೆ ಚಪ್ಪಟೆ. ಅದರ ಮೇಲೆ ಅಡ್ಡಲಾಗಿ ಒಂದು ಗೆರೆ, ಕಂಕುಳಿನ ಹತ್ತಿರ ತುಸು ಮೇಲಕ್ಕೆ ಬಾಗಿದ್ದು. ಎಡ ಭುಜ ಏನನ್ನೋ ಮುಚ್ಚಿಕೊಳ್ಳುವ ಹಾಗೆ ಮುಂದಕ್ಕೆ ಸರಿದಿತ್ತು. ಬಹಳ ಹೊತ್ತು ನೋಡಿದಳು. ಹಳೆಯ ಅಕ್ಕ ಎಲ್ಲಿಗೂ ಹೊರಟುಹೋಗಲಿಲ್ಲ. ಇದೇ ಭುಜ, ಇದೇ ಕುತ್ತಿಗೆಯ ಮಚ್ಚೆ, ಒಂದು ಕೈ ಸೊಂಟದ ಮೇಲಿಟ್ಟು ನಿಲ್ಲುವ ಇದೇ ಠೀವಿ.

"ಯಾರು ಹೊಲಿದಿದ್ದು ಇದನ್ನ?" ಎಂದು ಕೇಳಿದಳು ಕೊನೆಗೆ. "ಅಚ್ಚುಕಟ್ಟಾಗಿದೆ."

"ಒಬ್ಬ ಡಾಕ್ಟ್ರು. ಹೇಳಿದ ದಿನಕ್ಕೇ ಹೊಲಿದುಕೊಟ್ರು ನೋಡು, ನಿನ್ನ ಹಾಗಲ್ಲ."

ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುತ್ತ ನಗುತ್ತ ತಂಗಿಯ ಕಣ್ಣು ತುಂಬಿತು, ಅಕ್ಕ ಬೇಕೆಂತಲೇ ಗಮನಿಸಲಿಲ್ಲ.

"ಅಯ್ಯೋ, ತಣ್ಣಗಿದೆ ಕಣೇ ಟೇಪು!"

"ತಡಿ." ತಂಗಿ ಟೇಪನ್ನು ಅಂಗೈಯೊಳಗೆ ಸುತ್ತಿ ಹಿಡಿದು ಬೆಚ್ಚಗೆ ಮಾಡಿದಳು. ಆಮೇಲೆ ಅಳೆದಳು. ಗಿರಾಕಿಗಳಿಗೆ ಅಳೆಯುವಾಗ ಎದೆಯ ಸುತ್ತ ಒಂದೇ ಸಲ ಟೇಪು ಹಾಯಿಸಿ ಮುಗಿಸುವವಳು ಈಗ ಬೆನ್ನಹುರಿಯಿಂದ ಬಲಕ್ಕೊಂದು, ಎಡಕ್ಕೊಂದು ಬೇರೆಬೇರೆ ಅಳತೆ ತೆಗೆದಳು. ಕೂಗಿ ಹೇಳಿದಳು, ಅಕ್ಕ ದೋಣಿ ಟಿಕೆಟಿನ ಮೇಲೆ ಬರೆಯುವ ಅದೇ ದುಂಡಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡಳು.

"ಎಡಗೈ ಎತ್ತು. ಇನ್ನೂ. ಅಷ್ಟೇನಾ ಏಳೋದು?"

"ಅಷ್ಟೇ. ಟಿಕೆಟ್ ಚಾಚೋಕೆ ಇಷ್ಟು ಸಾಕು."

"ಸಾಕು ಅನ್ನೋದು ಬೇಡ. ಕಂಕುಳಲ್ಲಿ ಜಾಸ್ತಿ ಬಿಡ್ತೀನಿ, ನಾಳೆ ಇನ್ನೂ ಮೇಲೆ ಹೋಗುತ್ತೆ ಅದು."

"ಸರಿ. ಹತ್ತಿ?"

"ನೀನು ಹೇಳಿದ ಹಾಗೆ."

"ಬೇಡ," ಎಂದಳು ಅಕ್ಕ.

ಶನಿವಾರ ಅಕ್ಕ ಪೇಟೆಗೆ ಹೋಗಲಿಲ್ಲ. ಕೆಳಗೆ ಅಂಗಡಿಯಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ "ಇವತ್ತು ಇಲ್ಲ, ಸೋಮವಾರ ಬನ್ನಿ, ಒಬ್ಬರು ದೊಡ್ಡ ಮನುಷ್ಯರ ಕೋಟು ನಡೀತಿದೆ" ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದಳು.

ಉಣ್ಣೆ ಬಟ್ಟೆಯೊಳಗೆ ಕೊನೆಗೂ ತಂಗಿಯ ಕತ್ತರಿ ಹೊಕ್ಕಿತು. ಇಲ್ಲಿಯತನಕ ಅವಳು ಹೊಲಿದ ಕೋಟುಗಳಿಗೆಲ್ಲ ಎಡ ಬಲ ಎರಡೂ ಒಂದೇ. ಬಟ್ಟೆಯನ್ನು ಎರಡಾಗಿ ಮಡಿಸಿ ಒಂದೇ ಸಲ ಕತ್ತರಿಸಿದರೆ ಆಯಿತು. ಈ ಕೋಟಿಗೆ ಬಟ್ಟೆಯನ್ನು ಬಿಡಿಸಿ ಹರಡಿ, ಬಲದ ಮುಂಭಾಗವನ್ನೇ ಬೇರೆ, ಎಡದ ಮುಂಭಾಗವನ್ನೇ ಬೇರೆ ಬರೆದಳು. ಬಲಕ್ಕೆ ಎದೆಯ ಉಬ್ಬಿಗೆ ಜಾಗ ಕೊಡುವ ಟಕ್ಸ್ ಹಿಡಿದಳು, ಎಡಕ್ಕೆ ಹಿಡಿಯಲಿಲ್ಲ. ಎಡದ ಭಾಗ ಮೈಗೆ ಅಂಗೈ ಇಟ್ಟ ಹಾಗೆ ಸಪಾಟಾಗಿ ಕೂರಬೇಕು. ಕಾಲರನ್ನು ಮೂರು ಸಲ ಕಚ್ಚಾ ಹೊಲಿಗೆ ಹಾಕಿ ಮೂರು ಸಲವೂ ಬಿಚ್ಚಿದಳು. ಮುಂದಕ್ಕೆ ಸರಿದ ಭುಜಕ್ಕೆ ಹೊಂದುವಂತೆ ಅದನ್ನು ಕೂರಿಸುವುದು ಅವಳಿಗೂ ಹೊಸ ವಿದ್ಯೆ.

"ಬಿಚ್ಚೋದೇ ನೋಡ್ತಿದ್ದೀನಲ್ಲೇ ಬೆಳಿಗ್ಗೆಯಿಂದ. ಹೊಲಿಯೋದು ಯಾವಾಗ?"

"ಸುಮ್ನೆ ಕೂತ್ಕೊಂಡ್ರೆ ಇವತ್ತು. ಬಾಯಿ ಬಿಟ್ರೆ ನಾಳೆ."

"ನಾಳೆ ಅಂದವನ ಮನೆ ಹಾಳು," ಎಂದು ಅಕ್ಕ ಬಾಯಿಗೆ ಬೀಗ ಹಾಕಿದ ಹಾಗೆ ಕೈ ತಿರುಗಿಸಿದಳು. ಅರೆಗಳಿಗೆ ಬಿಟ್ಟು, "ಜೇಬು ಆಳ ಇರ್ಲಿ. ಚಿಲ್ಲರೆ ಹಾಕ್ಬೇಕು."

ಭಾನುವಾರ ಒಳಬದಿಯ ಅಸ್ತರು ಕೂತಿತು, ತೋಳು ಕೂತವು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದಾಗ ಉಣ್ಣೆಯ ಹಬೆ ಅಂಗಡಿ ತುಂಬ ಎದ್ದು ಕಿಟಕಿಯ ಗಾಜು ಮಂಜಾಯಿತು. ಸೋಮವಾರ ಬೆಳಿಗ್ಗೆ ಉಳಿದದ್ದು ಗುಂಡಿಗಳು ಮಾತ್ರ. ಅಕ್ಕ ಬೂಟು ಹಾಕಿ, ತಲೆ ಬಾಚಿ, ಮೊದಲನೆಯ ದೋಣಿಯ ಹೊತ್ತಿಗಿಂತ ಮುಂಚೆ ಇಳಿದು ಬಂದಾಗ ಎಲ್ಲ ಗುಂಡಿಗಳೂ ಕೂತಿದ್ದವು, ಕತ್ತಿನ ಬಳಿಯ ಒಂದನ್ನು ಬಿಟ್ಟು.

"ಹಾಕ್ಕೋ. ಅದು ಎಲ್ಲಿ ಬರಬೇಕು ಅಂತ ಮೈಮೇಲೇ ನೋಡ್ತೀನಿ."

ಅಕ್ಕ ಕೋಟು ತೊಟ್ಟಳು. ಎಡಗಡೆ ಎಲ್ಲೂ ಜೋಲಲಿಲ್ಲ, ಸುಕ್ಕು ಏಳಲಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಸಪಾಟು. ನೋಡಿದವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ಕಣ್ಣು ಮುಂದಕ್ಕೆ ಹೋಗುತ್ತಿತ್ತು. ಅಕ್ಕ ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿಕೊಂಡಳು, ಬಲಕ್ಕೆ ತಿರುಗಿ ನೋಡಿಕೊಂಡಳು. ಎಡಗೈಯನ್ನು ಟಿಕೆಟ್ ಕೊಡುವವಳ ಹಾಗೆ ಮುಂದಕ್ಕೆ ಚಾಚಿದಳು. ಬಟ್ಟೆ ಎಳೆಯಲಿಲ್ಲ. ಮುಂದಕ್ಕೆ ಸರಿದಿದ್ದ ಭುಜ ಮೆಲ್ಲಗೆ ಹಿಂದಕ್ಕೆ ಹೋಯಿತು.

ತಂಗಿ ಅವಳ ಎದುರಿಗೆ ನಿಂತು, ಬಾಗಿ, ಕಣ್ಣನ್ನು ಹತ್ತಿರ ತಂದು, ಕೊನೆಯ ಗುಂಡಿಯನ್ನು ಹೊಲಿಯತೊಡಗಿದಳು. ನದಿಯ ಕಡೆಯಿಂದ ದೋಣಿಯ ಸಿಳ್ಳು ಕೇಳಿಸಿತು.

"ಮುಗೀತೇನೇ?"

"ಅಲ್ಲಾಡಬೇಡ, ಚುಚ್ಚುತ್ತೆ."

ದಾರವನ್ನು ಗುಂಡಿಯ ಬುಡಕ್ಕೆ ಸುತ್ತಿ, ಗಂಟು ಹಾಕಿ, ತಂಗಿ ಹಲ್ಲಿನಿಂದ ಕಡಿದಳು. "ಮುಗೀತು," ಎಂದಳು.